ನಂದು ಆಗ್ಲೇ ಊಟ ಆಯ್ತು

ಫೆಬ್ರವರಿ 3, ಸೋಮವಾರ

ಇವತ್ತಿನಿಂದ ನಾನು ಸರಕಾರದ ಮನುಷ್ಯ. ಮೂರು ವಾರದ ಮಟ್ಟಿಗೆ, ಹಂಗಾಮಿ. ಆದರೂ ಕೊರಳಲ್ಲಿ ಗುರುತಿನ ಚೀಟಿ ಇದೆ, ಚೀಟಿಯಲ್ಲಿ ನನ್ನ ಫೋಟೊ ಇದೆ, ಫೋಟೊದ ಮೇಲೆ ಜಿಲ್ಲಾ ಕಚೇರಿಯ ದುಂಡು ಮೊಹರು ಇದೆ. ಮೊಹರು ಸರಿಯಾಗಿ ಮೂಗಿನ ಮೇಲೆ ಬಿದ್ದಿರುವುದರಿಂದ ಅದು ನಾನೇ ಎಂದು ಹೇಳುವುದು ಸ್ವಲ್ಪ ಕಷ್ಟ. ಇರಲಿ.

ಪ್ರೆಸ್ಸು ಮುಚ್ಚಿ ಹನ್ನೊಂದು ತಿಂಗಳಾಯಿತು. ಅಲ್ಲಿ ಇಪ್ಪತ್ತಾರು ವರ್ಷ ಕೆಂಪು ಪೆನ್ನು ಹಿಡಿದು ಕರಡು ತಿದ್ದಿದವನು ನಾನು. ನಮ್ಮ ಬೀದಿಯಲ್ಲಿರುವವರೆಲ್ಲ ಪ್ರೆಸ್ಸಿನವರೇ. ಎದುರು ಮನೆಯಲ್ಲಿ ಬೈಂಡರ್, ಅವನ ಪಕ್ಕ ಮಷಿನ್‌ಮನ್, ಮೂಲೆಯಲ್ಲಿ ಗೇಟು ಕಾಯುತ್ತಿದ್ದ ತಾತ. ಒಂದೇ ದಿನ, ಒಂದೇ ಬಾಗಿಲಿನಿಂದ ಎಲ್ಲರೂ ಹೊರಗೆ ಬಂದೆವು. ಅಂದಿನಿಂದ ಯಾರೂ ಯಾರನ್ನೂ ಮನೆ ಹೇಗೆ ನಡೆಯುತ್ತಿದೆ ಎಂದು ಕೇಳುವುದಿಲ್ಲ. ಈಗ ಹಾಗೆ ಕೇಳುವುದೇ ನನ್ನ ಉದ್ಯೋಗ.

ಕೆಲಸದ ಹೆಸರು ಕುಟುಂಬ ಆದಾಯ ಮತ್ತು ಆಹಾರ ಕೊರತೆಯ ಸಮೀಕ್ಷೆ. ಜಿಲ್ಲೆಯ ಪ್ರತಿ ವಾರ್ಡಿನಲ್ಲೂ ನಲವತ್ತು ಮನೆ, ಮನೆಗೆ ಎಂಟು ಪ್ರಶ್ನೆ. ನಮ್ಮ ವಾರ್ಡಿಗೆ ಚೀಟಿ ಎತ್ತಿದಾಗ ನಮ್ಮ ಬೀದಿಯೇ ಬಂತು, ಬೀದಿಯಲ್ಲಿರುವುದೂ ಸರಿಯಾಗಿ ನಲವತ್ತು ಮನೆ. ಅದರಲ್ಲಿ ಹದಿನಾಲ್ಕು ಮನೆಯವರು ಊಟಕ್ಕೆ ಸಾಲುತ್ತಿಲ್ಲ ಎಂದರೆ ಬೀದಿಯ ಕೊನೆಯ ಹಳೇ ಶಾಲೆಯ ಹಾಲ್‌ನಲ್ಲಿ ಮಧ್ಯಾಹ್ನದ ಅಡುಗೆಮನೆ ತೆರೆಯುತ್ತಾರೆ. ಯಾರು ಬೇಕಾದರೂ ಹೋಗಿ ಪುಕ್ಕಟೆ ಉಣ್ಣಬಹುದು. ಹದಿಮೂರಾದರೆ ತೆರೆಯುವುದಿಲ್ಲ.

ಮೂರು ನಿಯಮ. ಅಡುಗೆ ಮಾಡುವವರನ್ನೇ ಕೇಳಬೇಕು, ಅದೂ ಮನೆಯ ಉಳಿದವರನ್ನು ಹೊರಗೆ ಕಳಿಸಿ. ಆ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಬಾರದು. ಮತ್ತು ಅಡುಗೆಮನೆಯ ವಿಷಯ ಒಬ್ಬರಿಗೂ ಹೇಳಬಾರದು. ಹೇಳಿದರೆ ಜನ ಇಲ್ಲದ ಹಸಿವನ್ನು ಹೇಳಿಕೊಳ್ಳುತ್ತಾರಂತೆ. ನಾನು ಎದೆ ಮುಟ್ಟಿ ಪ್ರಮಾಣ ಮಾಡಿದೆ. ನಮೂನೆಯಲ್ಲಿ ಎರಡು ಅಚ್ಚಿನ ತಪ್ಪುಗಳಿದ್ದವು, ಅಲ್ಲೇ ತಿದ್ದಿ ಕೊಟ್ಟೆ. ಮೇಲ್ವಿಚಾರಕಿ, ನನ್ನ ಅರ್ಧ ವಯಸ್ಸಿನ ಹುಡುಗಿ, ಖುಷಿಪಟ್ಟಂತೆ ಕಾಣಲಿಲ್ಲ.

ಸಂಬಳ ಕೆಲಸ ಮುಗಿದ ಮೇಲೆ. ಕಚೇರಿಯಲ್ಲಿ ದಿನವೂ ಊಟ ಕೊಡುತ್ತಾರೆ ಎಂದು ಮನೆಯಲ್ಲಿ ಇವಳಿಗೆ, ನನ್ನ ಹೆಂಡತಿಗೆ, ಹೇಳಿದ್ದೇನೆ. ಪೂರ್ತಿ ಸುಳ್ಳಲ್ಲ, ಚಹಾ ಕೊಡುತ್ತಾರೆ. ನನ್ನ ವಯಸ್ಸಿನಲ್ಲಿ ಮಧ್ಯಾಹ್ನದ ಊಟ ಬರೀ ತೂಕಡಿಕೆ ತರುತ್ತದೆ. ಹೊಟ್ಟೆಗೂ ಒಂದು ವಿಶ್ರಾಂತಿ ಬೇಡವೇ?

ಫೆಬ್ರವರಿ 4, ಮಂಗಳವಾರ

ಮೊದಲ ಮನೆ ಬೈಂಡರ್‌ನದು. ನಿಯಮದ ಪ್ರಕಾರ ಅವನನ್ನು ಹೊರಗೆ ಕಳಿಸಬೇಕು. ನಲವತ್ತು ವರ್ಷದ ಗೆಳೆಯನಿಗೆ ಅವನ ಮನೆಯಿಂದಲೇ ಎದ್ದು ಹೋಗು ಅನ್ನುವುದು ಸುಲಭವಲ್ಲ.

"ನನ್ ಹೆಂಡ್ತಿ ಹತ್ರ ನಿಂಗೇನೋ ಗುಟ್ಟು?" ಅಂದ.

"ಗುಟ್ಟಲ್ಲ, ಸರಕಾರ," ಅಂದೆ.

ಅವನು ಗೊಣಗುತ್ತಾ ಹೋಗಿ ಕಿಟಕಿಯ ಕೆಳಗೆ ಕೂತ. ಅಲ್ಲಿಂದ ಕೆಮ್ಮುತ್ತಿದ್ದದ್ದು ಕೇಳಿಸುತ್ತಿತ್ತು.

ಅಕ್ಕ, ಅಂದರೆ ಬೈಂಡರ್ ಹೆಂಡತಿ, ಎಂಟು ಪ್ರಶ್ನೆಗೂ 'ಇಲ್ಲ' ಎಂದಳು. ಊಟದ ಚಿಂತೆ ಆದದ್ದುಂಟೆ? ಇಲ್ಲ. ಬೇರೆಯವರಿಗೆ ಸಾಲಲಿ ಎಂದು ನೀವು ಊಟ ಬಿಟ್ಟದ್ದುಂಟೆ? ಇಲ್ಲಪ್ಪ, ನಮ್ಮನೇಲಿ ಅಂಥದ್ದೆಲ್ಲಾ ಇಲ್ಲ. ಹೇಳುತ್ತಲೇ ಬಾಗಿಲ ಹಿಂದಿನ ಅಕ್ಕಿ ಮೂಟೆಯನ್ನು ಕೈಯಿಂದ ಎರಡು ಸಲ ತಟ್ಟಿದಳು. ಒಳ್ಳೇ ಹೊಟ್ಟೆ ಬಿಟ್ಟ ಮೂಟೆ, ಪಕ್ಕದಲ್ಲಿ ನೀಲಿ ದಾರದ ಹೊಲಿಗೆ. ಅವರ ಮಗಳಿಗೆ ಸಂಬಂಧ ಕೂಡಿಬರುತ್ತಿದೆ, ಮನೆ ತುಂಬಿಕೊಂಡಿದ್ದು ನೋಡಿ ನನಗೂ ಸಂತೋಷವಾಯಿತು.

ರಾತ್ರಿ ಊಟಕ್ಕೆ ಕೂತಾಗ ಇವಳು "ನಂದು ಆಗ್ಲೇ ಊಟ ಆಯ್ತು" ಎಂದು ಹೊಲಿಗೆ ಮಷಿನ್ನಿನ ಮುಂದೆ ಕೂತಳು. ಮದುವೆಯಾದಾಗಿನಿಂದ ನಾನು ಬರುವವರೆಗೆ ಕಾಯುತ್ತಿದ್ದವಳು ಇವಳು. ಈಗ ಗಂಡ ಸರಕಾರದವನಾದ ಮೇಲೆ ಕಾಯುವುದನ್ನು ಬಿಟ್ಟಿದ್ದಾಳೆ.

ಫೆಬ್ರವರಿ 6, ಗುರುವಾರ

ಹನ್ನೊಂದು ಮನೆ ಮುಗಿಯಿತು. ಎಂಬತ್ತೆಂಟು ಪ್ರಶ್ನೆ, ಎಂಬತ್ತೆಂಟು 'ಇಲ್ಲ'. ನಮ್ಮ ಬೀದಿ ಇಷ್ಟು ಸುಖವಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ಮನೆಮನೆಯಲ್ಲೂ ಬಾಗಿಲ ಹಿಂದೆ ಮೂಟೆ! ಪ್ರೆಸ್ಸಿನವರೆಂದರೆ ಹಾಗೆಯೇ, ನಾಳೆಯ ಯೋಚನೆ ಇದ್ದವರು. ನಮ್ಮ ಮನೆಯಲ್ಲಿ ಮಾತ್ರ ಯಾಕೆ ಅಕ್ಕಿಯನ್ನು ಕಾಲು ಕಿಲೋ ಲೆಕ್ಕದಲ್ಲಿ ತರುತ್ತಾಳೋ. ಹೊಸ ಅಕ್ಕಿ ತಾಜಾ ಇರುತ್ತದಂತೆ.

ಮಗಳು ಕೇಳಿದಳು, "ಅಪ್ಪಾ, ಇವತ್ತು ಆಫೀಸಲ್ಲಿ ಏನ್ ಊಟ?"

"ಅನ್ನ, ಬೇಳೆ, ಹುರುಳಿಕಾಯಿ ಪಲ್ಯ. ಪಲ್ಯಕ್ಕೆ ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು," ಎಂದೆ. ಉಪ್ಪು ಜಾಸ್ತಿ ಎಂದರೆ ಯಾರೂ ಅನುಮಾನ ಪಡುವುದಿಲ್ಲ. ಪ್ರೆಸ್ಸಿನಲ್ಲಿ ಕಲಿತ ಪಾಠ ಇದು. ಒಂದು ಸಣ್ಣ ತಪ್ಪಿದ್ದರೆ ಪುಟ ನಿಜವಾಗಿ ಕಾಣುತ್ತದೆ.

ಮಗಳಿಗೆ ಹದಿನಾಲ್ಕು. ಎರಡು ಸಲ ಬಡಿಸಿಕೊಂಡಳು. ಇವಳು ಅವಳ ತಟ್ಟೆಯನ್ನೇ ನೋಡುತ್ತಿದ್ದಳು, ನನಗೆ ಖುಷಿಯಾಯಿತು. ಬೆಳೆಯುವ ಮಕ್ಕಳು ತಿನ್ನುವುದನ್ನು ನೋಡುವುದೇ ಒಂದು ಚಂದ.

ಫೆಬ್ರವರಿ 7, ಶುಕ್ರವಾರ

ಬೆಲ್ಟು ಸಡಿಲವಾಗಿದೆ. ಚರ್ಮ ಹಳೆಯದಾದರೆ ಹಿಗ್ಗುತ್ತದೆ. ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡೆ.

ಫೆಬ್ರವರಿ 10, ಸೋಮವಾರ

ಕಚೇರಿಯಲ್ಲಿ ಮೇಲ್ವಿಚಾರಕಿ ನನ್ನ ನಮೂನೆಗಳನ್ನು ಮಗುಚಿ ಹಾಕಿ ನೋಡಿದಳು.

"ಸರ್, ಹತ್ತೊಂಬತ್ತು ಮನೆ ಆಯ್ತು, ಒಂದೂ ಇಲ್ವಾ? ಪಕ್ಕದ ವಾರ್ಡಲ್ಲಿ ಆಗ್ಲೇ ಹದಿನಾರು."

"ನಮ್ಮ ಬೀದಿಯೋರು ಚೆನ್ನಾಗಿದಾರೆ, ಮೇಡಂ."

"ಪ್ರೆಸ್ ಮುಚ್ಚಿದ ಬೀದಿ ಅಲ್ವಾ ಅದು?"

ಚಹಾ ಕುಡಿದೆ. ಇನ್ನೊಂದು ಲೋಟ ಕೇಳಿದೆ.

ದಾರಿಯಲ್ಲಿ ಯೋಚನೆ ಹತ್ತಿತು. ಇವತ್ತು ಅಚ್ಚುಮೊಳೆ ಜೋಡಿಸುತ್ತಿದ್ದ ಕಂಪೋಸಿಟರ್ ಮನೆಗೆ ಹೋದಾಗ ಹೊತ್ತು ಹನ್ನೆರಡೂವರೆ. ಅವನ ಹೆಂಡತಿ ಒಲೆಯ ಮೇಲಿನ ಪಾತ್ರೆಯಲ್ಲಿ ಸೌಟು ಆಡಿಸುತ್ತಾ ಎಲ್ಲದಕ್ಕೂ ಇಲ್ಲ, ಇಲ್ಲ ಎನ್ನುತ್ತಿದ್ದಳು. ಏಳುವಾಗ ಇಣುಕಿದೆ. ಪಾತ್ರೆಯಲ್ಲಿ ನೀರಿತ್ತು, ಬರೀ ನೀರು. ಒಲೆಯೂ ಹತ್ತಿರಲಿಲ್ಲ. ಆದರೆ ಕಂಡದ್ದನ್ನು ಬರೆಯುವ ಹಾಗಿಲ್ಲ, ಹೇಳಿದ್ದನ್ನಷ್ಟೇ ಬರೆಯಬೇಕು.

ಆಗ ಒಂದು ವಿಷಯ ಹೊಳೆಯಿತು. ನಿಜವಾದ 'ಇಲ್ಲ'ಕ್ಕೆ ಸ್ವಲ್ಪ ಹೊತ್ತು ಬೇಕು. ಹೋದ ತಿಂಗಳು ಊಟ ಬಿಟ್ಟಿರಾ ಎಂದರೆ ಮನುಷ್ಯ ಮೇಲೆ ನೋಡಿ, ಲೆಕ್ಕ ಹಾಕಿ, ಆಮೇಲೆ ಇಲ್ಲ ಅನ್ನಬೇಕು. ನಮ್ಮ ಬೀದಿಯ 'ಇಲ್ಲ' ಪ್ರಶ್ನೆ ಮುಗಿಯುವುದಕ್ಕೆ ಮುಂಚೆಯೇ ಬಂದು ಬಿಡುತ್ತದೆ. ಅದು ಮೊದಲೇ ಅಚ್ಚು ಹಾಕಿಟ್ಟ 'ಇಲ್ಲ'. ಸುಳ್ಳು ಹಿಡಿಯುವುದರಲ್ಲಿ ನನ್ನ ಕಣ್ಣು ಯಾವತ್ತೂ ಚುರುಕು. ನನಗೆ ಗೊತ್ತಿಲ್ಲದೆ ಈ ಬೀದಿಯಲ್ಲಿ ಒಂದು ಕಾಮಾ ಕೂಡ ಆಚೀಚೆ ಆಗುವುದಿಲ್ಲ.

ಬರುವಾಗ ಎರಡು ಸಲ ಕಣ್ಣು ಕತ್ತಲಿಟ್ಟಿತು. ಕನ್ನಡಕದ ನಂಬರು ಬದಲಾಗಿರಬೇಕು. ಇವಳದ್ದು ಎಂದಿನಂತೆ ಆಗಲೇ ಊಟ ಆಗಿತ್ತು. ಈಚೆಗೆ ತನ್ನ ಬಟ್ಟೆಗಳನ್ನೆಲ್ಲ ಪಕ್ಕದಲ್ಲಿ ಹಿಡಿದು ಬಿಗಿಯಾಗಿ ಹೊಲಿದುಕೊಳ್ಳುತ್ತಿದ್ದಾಳೆ, ಅದೇನೋ ಹೊಸ ಫ್ಯಾಷನ್ನು.

ಫೆಬ್ರವರಿ 12, ಬುಧವಾರ

ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಇವತ್ತು ಸರದಿ ಇಪ್ಪತ್ತೆರಡನೆಯ ಮನೆಯದು. ಅಲ್ಲಿ ಬೀಗ ಹಾಕಿತ್ತು, ಇಪ್ಪತ್ತೇಳಕ್ಕೆ ಹೋದೆ. ಅದು ಇಂಕು ಕಲಸುತ್ತಿದ್ದವನ ಮನೆ. ಅವನ ತಂಗಿ ಬಾಗಿಲು ತೆಗೆದವಳು ನನ್ನನ್ನು ನೋಡಿ ಹೌಹಾರಿದಳು.

"ಅಣ್ಣಾ, ನೀವು ನಾಳೆ ಬರ್ಬೇಕಿತ್ತಲ್ವಾ?"

"ಇವತ್ತು ಬಂದ್ರೆ ಏನಮ್ಮಾ?"

"ಏನಿಲ್ಲ, ಕೂತ್ಕೊಳ್ಳಿ. ಇಲ್ಲಲ್ಲ, ಹೊರಗೇ ಕೂತ್ಕೊಳ್ಳಿ. ಒಂದ್ ಹತ್ ನಿಮಿಷ."

ಹತ್ತು ನಿಮಿಷ ಜಗಲಿಯಲ್ಲಿ ಕೂತೆ. ಹಿಂದಿನ ಓಣಿಯಲ್ಲಿ ಸೈಕಲ್ ಬೆಲ್ಲು, ಪಿಸುಮಾತು, ಯಾರೋ "ನಿಧಾನ, ನಿಧಾನ, ಚೆಲ್ಲೀತು" ಅಂದದ್ದು, ಆಮೇಲೆ ಹಿತ್ತಿಲ ಬಾಗಿಲಲ್ಲಿ ಧೊಪ್ಪೆಂಬ ಸದ್ದು. ಒಳಗೆ ಕರೆದಾಗ ಬಾಗಿಲ ಹಿಂದೆ ಮೂಟೆ ಕೂತಿತ್ತು. ಹೊಟ್ಟೆ ಬಿಟ್ಟ ಮೂಟೆ. ಪಕ್ಕದಲ್ಲಿ ನೀಲಿ ದಾರದ ಹೊಲಿಗೆ.

ಇಪ್ಪತ್ತೆರಡು ಮನೆಯಲ್ಲಿ ನಾನು ನೋಡಿದ್ದು ಇಪ್ಪತ್ತೆರಡು ಮೂಟೆಯಲ್ಲ. ಒಂದೇ ಮೂಟೆ, ನನಗಿಂತ ಒಂದು ಮನೆ ಮುಂದೆ ಸಮೀಕ್ಷೆಗೆ ಹೊರಟಿತ್ತು.

ಫೆಬ್ರವರಿ 13, ಗುರುವಾರ

ಇಪ್ಪತ್ತೆರಡನೆಯ ಮನೆಯಲ್ಲಿ ಅವರು ನೀರು ತರಲು ಒಳಗೆ ಹೋದಾಗ ಮೂಟೆಯೊಳಗೆ ಕೈ ಹಾಕಿದೆ. ಮೇಲೆ ಎರಡು ಬೆರಳಿನಷ್ಟು ಅಕ್ಕಿ, ಅದರ ಕೆಳಗೆ ಒಂದು ಬಟ್ಟೆ, ಬಟ್ಟೆಯ ಕೆಳಗೆ ಮೂಟೆಯ ತಳದವರೆಗೂ ಕಾಗದ. ಪ್ರೆಸ್ಸಿನ ರದ್ದಿ ಕಾಗದ. ಒಂದು ಹಾಳೆ ಎಳೆದು ನೋಡಿದರೆ ಕೆಂಪು ಅಕ್ಷರದಲ್ಲಿ ನನ್ನದೇ ಕೈಬರಹ: 'ಇಡೀ ಪ್ಯಾರಾ ಮತ್ತೆ ನೋಡಿ.'

ಅಂದರೆ ನಾನು ಇಪ್ಪತ್ತಾರು ವರ್ಷ ತಿದ್ದಿದ್ದೆಲ್ಲ ನನ್ನ ಕಣ್ಣಿಗೇ ಮಣ್ಣೆರಚಲು ಮನೆಮನೆ ಸುತ್ತುತ್ತಿದೆ.

ಹೊಲಿಗೆ ಯಾರದೆಂದು ಯೋಚಿಸುವ ಅಗತ್ಯವಿರಲಿಲ್ಲ. ನೀಲಿ ದಾರ ಶಾಲೆಯ ಸಮವಸ್ತ್ರದ್ದು, ಈ ಬೀದಿಯಲ್ಲಿ ಸಮವಸ್ತ್ರ ಹೊಲಿಯುವವಳು ಒಬ್ಬಳೇ. ಮನೆಗೆ ಬಂದು ಕೇಳಿದೆ.

"ಆ ಮೂಟೆ ನಿಂದಾ?"

"ಯಾವ ಮೂಟೆ?" ಪ್ರಶ್ನೆ ಮುಗಿಯುವುದಕ್ಕೆ ಮುಂಚೆಯೇ ಬಂತು ಉತ್ತರ. ನಾನು ದಿಟ್ಟಿಸಿ ನೋಡಿದೆ. ಇವಳು ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು, "ಎದುರು ಮನೆ ಅಕ್ಕನಿಗೆ ಅಂತ ಹೊಲ್ದಿದ್ದು. ಗಂಡಿನ ಸೋದರಮಾವ ನಿಮ್ಮ ಜಿಲ್ಲಾ ಕಚೇರಿಲೇ ಇದಾನಂತೆ. ಊಟಕ್ಕಿಲ್ಲದೋರು ಅಂತ ನೀವು ಬರ್ಕೊಂಡು ಹೋದ್ರೆ ಆ ಸಂಬಂಧ ಉಳಿಯುತ್ತಾ? ಆಮೇಲೆ ಪಕ್ಕದ್ ಮನೆಯೋರೂ ಕೇಳಿದ್ರು, ಅವರ ಪಕ್ಕದೋರೂ ಕೇಳಿದ್ರು. ಎಲ್ಲರ ಮನೇಲೂ ಮದ್ವೆ ವಯಸ್ಸಿಗೆ ಬಂದೋರು ಇದಾರಲ್ಲ."

"ಇದು ಮೋಸ ಕಣೇ! ನಿಜ ಹೇಳ್ಬೇಕು!"

"ಯಾಕೆ? ಹೇಳಿದ್ರೆ ಏನ್ ಕೊಡ್ತಾರೆ?"

ನನ್ನ ಬಾಯಿಗೆ ಪ್ರಮಾಣದ ಬೀಗ. ಬೀದಿಯ ಕೊನೆಯಲ್ಲಿ ದೊಡ್ಡ ದೊಡ್ಡ ಪಾತ್ರೆ ಇಟ್ಟು ಅಡುಗೆ ಮಾಡಿ ಹಾಕುತ್ತಾರೆ ಎನ್ನುವಂತಿಲ್ಲ. "ಏನೂ ಕೊಡಲ್ಲ. ನಿಜ ಅಂದ್ರೆ ನಿಜ," ಎಂದೆ.

"ಹಾಗಾದ್ರೆ ನಿಜಾನ ನೀವೇ ಇಟ್ಕೊಳ್ಳಿ," ಎಂದು ಮಷಿನ್ನು ತುಳಿಯತೊಡಗಿದಳು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಊಟ ಬೇಡ ಎಂದೆ. ಶುಕ್ರವಾರ ಬೆಳಿಗ್ಗೆ ಸೇರಿಸಿದ್ದು: ಎದ್ದು ನೋಡಿದರೆ ಅನ್ನ ಹಾಗೇ ಇತ್ತು. ಮಗಳು ಅದನ್ನು ತಿಂದು ಶಾಲೆಗೆ ಹೋದಳು.

ಫೆಬ್ರವರಿ 18, ಮಂಗಳವಾರ

ಮೂವತ್ತೊಂಬತ್ತು ಮನೆ ಮುಗಿಯಿತು. ಹೌದು ಎಂದ ಮನೆ ಒಂದು.

ಆ ಒಂದು ಗೇಟು ತಾತನದು. ಒಂಟಿ ಮನುಷ್ಯ. ಮೂಟೆ ತಂದವರನ್ನೂ ಬೈದು ಕಳಿಸಿದ್ದನಂತೆ. ಎಂಟಕ್ಕೆ ಎಂಟೂ ಹೌದು, ಹೌದು ಎಂದು ಖುಷಿಯಾಗಿ ಹೇಳಿದ. 'ಮನೆಯ ಮಕ್ಕಳು ಹಸಿದು ಮಲಗಿದ್ದುಂಟೆ' ಎನ್ನುವುದಕ್ಕೂ ಹೌದು ಎಂದ.

"ತಾತಾ, ನಿಮಗೆ ಮಕ್ಕಳೇ ಇಲ್ಲ."

"ನಾನೇ ಒಂದ್ ಕಾಲ್ದಲ್ಲಿ ಮಗು ಆಗಿದ್ನಲ್ಲೋ! ಬರ್ಕೋ." ಆಮೇಲೆ ನನ್ನ ನಮೂನೆಗಳ ಕಟ್ಟನ್ನು ನೋಡಿ ಕೇಳಿದ, "ಬೇರೆಯೋರೆಲ್ಲಾ ಏನಂದ್ರು?"

"ಗುಟ್ಟು ತಾತ, ಹೇಳೋ ಹಾಗಿಲ್ಲ."

"ಇಲ್ಲ ಅಂದಿರ್ತಾರೆ ಬಿಡು. ಅವರಿಗೆ ನಾಚ್ಕೆ. ನಂಗೇನು? ಈ ವಯಸ್ಸಲ್ಲಿ ನಂಗ್ಯಾರೂ ಹೆಣ್ಣು ಕೊಡಲ್ಲ."

ಹದಿಮೂರು ಕಡಿಮೆ. ಅಡುಗೆಮನೆ ಪಕ್ಕದ ವಾರ್ಡಿಗೆ ಸಿಗುತ್ತದೆ, ನಮಗಿಲ್ಲ. ಬೀದಿಯಲ್ಲಿ ನಡೆಯುವಾಗ ಪ್ರತಿ ಮನೆಯ ಮುಂದೆಯೂ ಕಾಲು ತಡೆಯುತ್ತಿತ್ತು. ಕಂಪೋಸಿಟರ್ ಹೆಂಡತಿಯ ನೀರಿನ ಪಾತ್ರೆ ಕಣ್ಣ ಮುಂದೆ ಬರುತ್ತಿತ್ತು. ಈ ಹಟಮಾರಿ ಜನ! ಹಸಿದು ಸಾಯುತ್ತಾರೆಯೇ ಹೊರತು ಬಾಯಿ ಬಿಡುವುದಿಲ್ಲ. ಇಷ್ಟು ಒಣಜಂಬ ನಾನೆಲ್ಲೂ ಕಂಡಿಲ್ಲ.

ನಾಳೆ ನಲವತ್ತನೆಯ ಮನೆ, ಅಂದರೆ ನಮ್ಮದು. ಸಮೀಕ್ಷೆಯವನು ತನ್ನ ಮನೆಯನ್ನು ತಾನೇ ಕೇಳುವಂತಿಲ್ಲ, ಮೇಲ್ವಿಚಾರಕಿ ಬರುತ್ತಾಳೆ. ನಮ್ಮದರಲ್ಲಿ ಬರೆಯುವುದಕ್ಕೇನೂ ಇರುವುದಿಲ್ಲ, ಬೇಗ ಮುಗಿಯುತ್ತದೆ.

ಫೆಬ್ರವರಿ 19, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೇಲ್ವಿಚಾರಕಿ ಹನ್ನೊಂದಕ್ಕೆ ಬಂದಳು. ಮಗಳು ಶಾಲೆಯಲ್ಲಿದ್ದಳು. ಮೂಟೆ ಎಷ್ಟು ಹೊತ್ತಿಗೆ ಬಂದಿತ್ತೋ, ನಮ್ಮ ಬಾಗಿಲ ಹಿಂದೆ ಮದುಮಗನ ಹಾಗೆ ಕೂತಿತ್ತು. ನಾನು ಇವಳನ್ನು ನೋಡಿದೆ, ಇವಳು ಗೋಡೆ ನೋಡಿದಳು.

"ಸರ್, ನೀವು ಹೊರಗೆ," ಎಂದಳು ಮೇಲ್ವಿಚಾರಕಿ.

ಹೋಗಿ ಕಿಟಕಿಯ ಕೆಳಗೆ ಕೂತೆ. ಎದುರು ಜಗಲಿಯಲ್ಲಿ ಬೈಂಡರ್ ಕೂತಿದ್ದ. "ಸರಕಾರಾನಾ?" ಎಂದು ಕೇಳಿ ಹಲ್ಲು ಕಿರಿದ.

ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಊಟದ ಚಿಂತೆ? ಇಲ್ಲಮ್ಮ. ಒಂದೇ ಥರದ ಅಡುಗೆಯಲ್ಲಿ ದಿನ ತಳ್ಳಿದ್ದು? ಇಲ್ಲಮ್ಮ. ಇವಳ ದನಿ ಹೊಲಿಗೆ ಮಷಿನ್ನಿನ ಹಾಗೆ ಎಲ್ಲೂ ನಿಲ್ಲದೆ ಓಡುತ್ತಿತ್ತು. ಐದನೆಯ ಪ್ರಶ್ನೆ ಬಂತು.

"ಬೇರೆಯವರಿಗೆ ಸಾಲಲಿ ಅಂತ ನೀವು..."

"ಇಲ್ಲ. ಅಯ್ಯೋ, ನಾನೇ ಮೊದಲು ಊಟ ಮಾಡಿ ಮುಗಿಸೋದು. ಬೇಕಾದ್ರೆ ನಮ್ಮನೆಯೋರನ್ನೇ ಕೇಳಿ. ನಾ ಕಾಯಲ್ಲ ಅಂತ ಮುಖ ಊದಿಸ್ಕೊಂಡಿರ್ತಾರೆ."

ಪ್ರಶ್ನೆ ಮುಗಿದಿರಲಿಲ್ಲ. ಅರ್ಧದಲ್ಲೇ ಉತ್ತರ ಬಂದಿತ್ತು.

ಇಂಥ 'ಇಲ್ಲ'ವನ್ನು ನಾನು ಮೂವತ್ತೆಂಟು ಮನೆಯಲ್ಲಿ ಕೇಳಿದ್ದೆ. ಅದು ಬಾಯಿಂದ ಹೊರಡುವ ಮುಂಚೆಯೇ ಗುರುತು ಹಿಡಿಯುತ್ತಿದ್ದೆ. ಅದೇ 'ಇಲ್ಲ' ದಿನಾ ರಾತ್ರಿ ನನ್ನ ಮನೆಯಲ್ಲಿ 'ಆಗ್ಲೇ ಆಯ್ತು' ಎಂದು ಬರುತ್ತಿತ್ತು, ನಾನು ಅದನ್ನು ಕೆಟ್ಟ ಅಭ್ಯಾಸ ಅಂದುಕೊಂಡು ಈ ಪುಸ್ತಕದಲ್ಲಿ ದೂರು ಬರೆದುಕೊಳ್ಳುತ್ತಿದ್ದೆ. ಎದ್ದು ಒಳಗೆ ನುಗ್ಗಿದೆ.

"ಸುಳ್ಳು!" ಎಂದೆ.

"ಸರ್, ರೂಲ್ಸ್ ಇದೆ, ನೀವು ಒಳಗೆ..."

"ರೂಲ್ಸು ಆಮೇಲೆ. ಇವಳು ಊಟ ಮಾಡ್ತಿಲ್ಲ ಮೇಡಂ. ನಾನ್ ನೋಡೇ ಇಲ್ಲ ಇವಳು ಊಟ ಮಾಡಿದ್ದು. ಹದಿನೈದು ದಿನ ಆಯ್ತು. ತಟ್ಟೆ ಕೂಡ ಒದ್ದೆ ಆಗಿರಲ್ಲ."

ಇವಳ ಮುಖ ಕೆಂಪಾಯಿತು. "ರೀ, ಹೊರಗಿನೋರ ಮುಂದೆ ಏನ್ ಮಾತು ಇದು? ನಿಮಗೆ ದಿನಾ ಆಫೀಸಲ್ಲಿ ಪಲ್ಯ, ಮೊಸರು ಸಿಗುತ್ತೆ ಅಂತ ಮನೇಲಿರೋರ್ ಮೇಲೆ..."

ಮೇಲ್ವಿಚಾರಕಿ ಪೆನ್ನು ಮೇಲೆತ್ತಿದಳು. "ಪಲ್ಯಾನಾ? ಯಾವ್ ಆಫೀಸಲ್ಲಿ?"

ನಾನು ಬೆಲ್ಟು ಮೇಲೆಳೆದುಕೊಂಡೆ.

"ನಮ್ಮ ಆಫೀಸಲ್ಲಿ ಚಹಾ ಮಾತ್ರ," ಎಂದಳು ಮೇಲ್ವಿಚಾರಕಿ. "ಸರ್ ದಿನಾ ಎರಡ್ ಲೋಟ ಕುಡೀತಾರೆ. ಸಕ್ಕರೆ ಜಾಸ್ತಿ ಹಾಕಿಸ್ಕೊಂಡು."

ಇವಳು ನನ್ನ ಕಡೆ ತಿರುಗಿದಳು. "ಹುರುಳಿಕಾಯಿಗೆ ಉಪ್ಪು ಜಾಸ್ತಿ ಆಗಿತ್ತು ಅಂದ್ರಿ."

"ಅಂದೆ."

"ಮೊನ್ನೆ ಮೊಟ್ಟೆ ಕೊಟ್ರು, ಒಂದ್ ಸಾಕು ಅಂತ ಇನ್ನೊಂದ್ ವಾಪಸ್ ಮಾಡ್ದೆ ಅಂದ್ರಿ!"

"ಅದೊಂದು ಜಾಸ್ತಿ ಆಯ್ತು ಅಂತ ನನಗೂ ಅನ್ನಿಸಿತ್ತು."

"ನೀವು ಅಲ್ಲಿ ತಿಂತೀರಿ ಅಂತ ತಾನೇ ನಾನು ಇಲ್ಲಿ ನಿಮ್ ಪಾಲು ಮಗಳಿಗೆ..." ಆಮೇಲೆ ಸಿಟ್ಟಿನಲ್ಲಿ ಅತ್ತಳು, ಅಳುತ್ತಲೇ ನನ್ನನ್ನು ಬೈದಳು. ನಾನೂ ಬೈದೆ. ನೀನು ಹೇಳಬೇಕಿತ್ತು, ನೀವು ಹೇಳಿದ್ರಾ, ಹೊಲಿಗೆ ಕೆಲಸ ಮಾಡುವವಳು ಹೊಟ್ಟೆಗಿಲ್ಲದೆ ಮಷಿನ್ ತುಳಿಯೋದಾ, ಊರೆಲ್ಲಾ ಬಿಸಿಲಲ್ಲಿ ಸುತ್ತೋರು ಬರೀ ಚಹಾದಲ್ಲಾ? ಒಬ್ಬರ ಮೇಲೊಬ್ಬರು ಉಪವಾಸದ ದಿನಗಳನ್ನು ಎಸೆದಾಡಿದೆವು. ನನ್ನ ಬೆಲ್ಟಿನ ತೂತನ್ನು ಇವಳು ಎಳೆದು ತೋರಿಸಿದಳು. ಇವಳ ಬಟ್ಟೆಯ ಬಿಗಿ ಹೊಲಿಗೆಯನ್ನು ನಾನು ತೋರಿಸಿದೆ.

ಮೇಲ್ವಿಚಾರಕಿ ಸುಮ್ಮನೆ ಬರೆದುಕೊಳ್ಳುತ್ತಿದ್ದಳು. ಕೊನೆಗೆ ಮೆಲ್ಲಗೆ ಕೇಳಿದಳು, "ಊಟ ಬಿಟ್ಟೋರು ಯಾರು ಅಂತ ಬರೆಯೋಕೆ ಒಂದೇ ಚೌಕ ಇದೆ ಈ ಫಾರಂನಲ್ಲಿ. ಯಾರದ್ದು ಹಾಕ್ಲಿ?"

"ಇವಳದ್ದು," ಎಂದೆ.

"ಇವರದ್ದು," ಎಂದಳು ಇವಳು.

ಅವಳು ಅಂಚಿನಲ್ಲಿ ಬರೆದುಕೊಂಡಳು. ಹೋಗುವಾಗ ಬಾಗಿಲ ಹಿಂದಿನ ಮೂಟೆಯನ್ನು ನೋಡಿ, "ಇದು ನಾನು ನೋಡ್ಲಿಲ್ಲ," ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಒಳ್ಳೆಯ ಹುಡುಗಿ. ಅಚ್ಚಿನ ತಪ್ಪುಗಳ ಬಗ್ಗೆ ನಾನು ಅಷ್ಟು ಮಾತಾಡಬಾರದಿತ್ತು.

ಬೀದಿಗೆ ಬೀದಿಯೇ ಕೇಳಿಸಿಕೊಂಡಿತ್ತು. ಎದುರು ಜಗಲಿಯಲ್ಲಿ ಬೈಂಡರ್ ಈಗ ನಗುತ್ತಿರಲಿಲ್ಲ.

ಮೂಟೆಯ ಮೇಲಿನ ಅಕ್ಕಿ ಎಲ್ಲರದೂ, ಮುಟ್ಟುವಂತಿರಲಿಲ್ಲ. ಮನೆಯಲ್ಲಿದ್ದ ಅಕ್ಕಿಯಲ್ಲಿ ಮಗಳ ಪಾಲು ತೆಗೆದಿಟ್ಟು ಉಳಿದದ್ದನ್ನು ಇವಳು ಬೇಯಿಸಿದಳು. ಎರಡು ತಟ್ಟೆ ಎದುರುಬದುರು ಇಟ್ಟು, "ನಾನ್ ತಿನ್ನೋದನ್ನ ನೀವ್ ನೋಡಿ, ನೀವ್ ತಿನ್ನೋದನ್ನ ನಾನ್ ನೋಡ್ತೀನಿ," ಎಂದಳು. ತಿಂದೆವು. ಇಬ್ಬರ ಹೊಟ್ಟೆಯೂ ಅರ್ಧಕ್ಕೆ ನಿಂತಿತು. ಆದರೂ ಈ ಹನ್ನೊಂದು ತಿಂಗಳಲ್ಲಿ ಇಷ್ಟು ನೆಮ್ಮದಿಯಾಗಿ ಉಂಡದ್ದು ನನಗೆ ನೆನಪಿಲ್ಲ.

ಫೆಬ್ರವರಿ 20, ಗುರುವಾರ

ಬೆಳಿಗ್ಗೆ ಬಾಗಿಲು ತೆಗೆದರೆ ಎದುರು ಮನೆ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು.

"ಅಣ್ಣಾ, ಆ ಕಾಗದದಲ್ಲಿ ನಂದು ತಿದ್ದೋಕಾಗುತ್ತಾ?"

ಕೊನೆಯ ದಿನದವರೆಗೆ ತಿದ್ದಬಹುದು, ಪಕ್ಕದಲ್ಲಿ ಹೇಳಿದವರ ಸಹಿ ಇರಬೇಕು, ಅಷ್ಟೆ. ಕೊನೆಯ ದಿನ ಇವತ್ತೇ. "ಸಂಬಂಧದ ವಿಷಯ ಏನಕ್ಕಾ?" ಎಂದೆ.

"ಅಯ್ಯೋ ಬಿಡಿ. ಹೋದ್ ವಾರ ಗಂಡಿನ ಮನೆ ನೋಡೋಕೆ ಹೋಗಿದ್ವಲ್ಲ, ಅಲ್ಲೂ ಬಾಗಿಲ ಹಿಂದೆ ಒಂದ್ ಮೂಟೆ ಇತ್ತು. ನಂಗೆ ಅನುಮಾನ ಬಂದು ಬೆರಳು ಹಾಕಿ ನೋಡ್ದೆ. ಒಣಹುಲ್ಲು! ಅವರಿಗೂ ನಮಗೂ ಸರಿಹೋಗುತ್ತೆ ಅಂತ ಅವತ್ತೇ ಗೊತ್ತಾಯ್ತು." ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಿನ್ನೆ ನಿಮ್ಮನೆ ಮಾತು ಕೇಳಿದ್ ಮೇಲೆ ಇವರು ನನ್ನ ಮುಖಾನೇ ನೋಡ್ತಾ ಕೂತ್ಬಿಟ್ರು ಅಣ್ಣ. ನೀನೂ ಹಾಗೇನಾ ಅಂತ ಕೇಳಿದ್ರು. ಹೌದು ಅಂದೆ," ಎಂದಳು.

ಕೆಂಪು ಪೆನ್ನು ಹುಡುಕಿ ತೆಗೆದೆ. ಶಾಯಿ ಒಣಗಿತ್ತು, ಬಾಯಿಯ ಉಸಿರಿನಲ್ಲಿ ಬಿಸಿ ಮಾಡಿದೆ, ಬರೆಯಿತು. ಅವಳದ್ದು ಮುಗಿಯುವಷ್ಟರಲ್ಲಿ ಮೆಟ್ಟಿಲ ಕೆಳಗೆ ಮಷಿನ್‌ಮನ್ ಹೆಂಡತಿ, ಅವಳ ಹಿಂದೆ ಕಂಪೋಸಿಟರ್ ಹೆಂಡತಿ, ಇಂಕಿನವನ ತಂಗಿ. ಮಧ್ಯಾಹ್ನದ ಹೊತ್ತಿಗೆ ಸಾಲು ಬೀದಿಯ ಅರ್ಧಕ್ಕೆ ಬಂದಿತ್ತು. ಗಂಡಸರು ದೂರದಲ್ಲಿ ಗುಂಪಾಗಿ ನಿಂತು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ಇವತ್ತು ಪ್ರಶ್ನೆ ಕೇಳಿದರೆ ಯಾರೂ ತಟಕ್ಕನೆ ಉತ್ತರ ಹೇಳುತ್ತಿರಲಿಲ್ಲ. ಮೇಲೆ ನೋಡಿ, ಬೆರಳು ಮಡಿಸಿ, ನಿಧಾನವಾಗಿ ಹೇಳುತ್ತಿದ್ದರು. ಇಡೀ ದಿನ ಏನೂ ತಿನ್ನದೆ ಕಳೆದದ್ದುಂಟೆ ಎನ್ನುವ ಎಂಟನೆಯ ಪ್ರಶ್ನೆಗೆ ಇಂಕಿನವನ ತಂಗಿ ಎಷ್ಟು ಹೊತ್ತು ಯೋಚಿಸಿದಳೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ಒಬ್ಬಿಬ್ಬರು ಯೋಚಿಸಿ, "ಇಲ್ಲ, ಅಷ್ಟರಮಟ್ಟಿಗೆ ಆಗಿಲ್ಲ" ಎಂದರು. ಅದನ್ನೂ ಹಾಗೆಯೇ ಬರೆದೆ.

ಅಡುಗೆಮನೆಯ ವಿಷಯ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಸಂಜೆ ಎಣಿಸಿದರೆ ಮೂವತ್ತೊಂದು ಮನೆ. ನಮ್ಮದೂ ಸೇರಿ.

ಮಾರ್ಚ್ 3, ಸೋಮವಾರ

ಅಡುಗೆಮನೆ ಮಂಜೂರಾಗಿ ಇವತ್ತು ಶುರು. ಬೆಳಿಗ್ಗೆಯಿಂದ ಹಳೇ ಶಾಲೆಯ ಕಡೆಯಿಂದ ಪಾತ್ರೆಗಳ ಸದ್ದು ಕೇಳುತ್ತಿದೆ. ಗೇಟು ತಾತ ಹತ್ತು ಗಂಟೆಗೇ ಹೋಗಿ ಅಲ್ಲಿಯ ಗೇಟಿನಲ್ಲಿ ನಿಂತಿದ್ದಾನೆ, ಯಾರೂ ನಿಲ್ಲು ಎಂದು ಹೇಳಿರಲಿಲ್ಲ.

ನನಗೆ ಮಾತ್ರ ಕಚೇರಿಯಿಂದ ಪತ್ರ ಬಂದಿದೆ. 'ಫೆಬ್ರವರಿ 18ರ ಸಂಜೆ ನಿಮ್ಮ ವಾರ್ಡಿನಲ್ಲಿ ಊಟದ ಕೊರತೆಯಿದ್ದ ಮನೆ ಒಂದು. 20ರ ಸಂಜೆ ಮೂವತ್ತೊಂದು. ಎರಡು ದಿನದಲ್ಲಿ ಮೂವತ್ತು ಮನೆಗಳ ಸ್ಥಿತಿ ಬದಲಾದದ್ದು ಹೇಗೆ? ಕಡತಕ್ಕಾಗಿ ಲಿಖಿತ ಕಾರಣ ಒದಗಿಸುವುದು.'

ಬೆಳಿಗ್ಗೆಯಿಂದ ಕೂತು ಎರಡು ಪುಟ ಬರೆದೆ. ಪೀಠಿಕೆ, ಹಿನ್ನೆಲೆ, ಪ್ರೆಸ್ಸಿನ ಇತಿಹಾಸ, ಮನುಷ್ಯ ಸ್ವಭಾವದ ಬಗ್ಗೆ ನನ್ನ ಕೆಲವು ಅನಿಸಿಕೆಗಳು. ಮೂಟೆಯ ವಿಷಯ ಬಿಟ್ಟಿದ್ದೇನೆ. ಇವಳಿಗೆ ಓದಿ ಹೇಳಿದೆ. ಗುಂಡಿ ಹಚ್ಚುತ್ತಾ ಕೇಳಿಸಿಕೊಂಡಳು, ದಾರವನ್ನು ಹಲ್ಲಲ್ಲಿ ಕಡಿದಳು.

"ಇಷ್ಟುದ್ದ ಯಾಕ್ರೀ? ಅವತ್ತು ನಾಚ್ಕೆ ಆಗ್ತಿತ್ತು, ಈಗ ಹಸಿವಾಗ್ತಿದೆ ಅಂತ ಬರೀರಿ. ಬೇಗ ಬರೀರಿ, ಹನ್ನೆರಡೂವರೆಗೆ ಬಾಗಿಲು ತೆಗೀತಾರೆ."

ಎರಡು ಪುಟವನ್ನೂ ಹೊಡೆದು ಹಾಕಿ ಅದೊಂದೇ ಸಾಲು ಬರೆದೆ. ಓದಿ ನೋಡಿದೆ. ತಿದ್ದುವಂಥದ್ದು ಏನೂ ಸಿಗಲಿಲ್ಲ.